ಕ್ಷೌರದ ಕತ್ತಿ: ಮನೆಯಲ್ಲೇ ಮಸೆಯುವ ಕ್ರಮ

ಮಡಚುವ ಕ್ಷೌರದ ಕತ್ತಿಗೆ ಬೆನ್ನು ದಪ್ಪ, ಬಾಯಿ ತೀರಾ ತೆಳು. ಬೆನ್ನು, ಬಾಯಿ ಎರಡನ್ನೂ ಕಲ್ಲಿಗೆ ತಾಗಿಸಿ ಮಲಗಿಸಿದರೆ ಮಸೆಯಬೇಕಾದ ಓರೆ ತಾನಾಗಿಯೇ ಸಿಗುತ್ತದೆ. ಬೇಕಾದದ್ದು ಹಗುರವಾದ ಕೈ ಮಾತ್ರ.

ಮೊದಲು ಬಾಯಿಯನ್ನು ಮೇಲ್ಮುಖವಾಗಿ ಹಿಡಿದು ಬೆಳಕಿನಲ್ಲಿ ನೋಡಬೇಕು. ಹರಿತವಾದ ಬಾಯಿ ಕಣ್ಣಿಗೆ ಬೀಳುವುದೇ ಇಲ್ಲ. ಮೊಂಡಾದ ಕಡೆ ಬಿಳಿ ಗೆರೆ, ಮುಕ್ಕಾದ ಕಡೆ ಬಿಳಿ ಚುಕ್ಕೆ ಮಿನುಗುತ್ತದೆ. ಗೆರೆಯೇನೂ ಕಾಣದೆ, ಕ್ಷೌರ ಮಾಡುವಾಗ ಕೂದಲು ತುಸು ಎಳೆದಂತಾದರೆ ಚರ್ಮದ ಪಟ್ಟಿಯೇ ಸಾಕು. ಅನೇಕರು ಅನಗತ್ಯವಾಗಿ ಕಲ್ಲಿಗೆ ಹಾಕಿಯೇ ಕತ್ತಿಯನ್ನು ಸವೆಸುತ್ತಾರೆ.

ಮಸೆಗಲ್ಲು ಸಮತಟ್ಟಾಗಿರಬೇಕು. ನಡುವೆ ತಗ್ಗಾಗಿದ್ದರೆ ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ, ನೀರು ಚಿಮುಕಿಸಿ, ಕಲ್ಲನ್ನು ಅದರ ಮೇಲೆ ಉಜ್ಜಬೇಕು. ಪೂರ್ತಿ ಮೊಂಡಾದ ಕತ್ತಿಗೆ 1000 ಗ್ರಿಟ್‌ನಿಂದ ಆರಂಭಿಸಿ 4000, 8000, ಕೊನೆಗೆ 12000ಕ್ಕೆ ಹೋಗಬೇಕು. ಮೊನಚು ಸ್ವಲ್ಪವೇ ತಗ್ಗಿದ್ದರೆ 8000ದಿಂದ ಶುರುಮಾಡಿದರೆ ಸಾಕು. ಒದ್ದೆ ಕಲ್ಲಿನ ಮೇಲೆ ಬಾಯಿ ಮುಂದಾಗಿರುವಂತೆ ಕತ್ತಿಯನ್ನು ತಳ್ಳಬೇಕು. ಕೊನೆ ಮುಟ್ಟಿದಾಗ ಬೆನ್ನಿನ ಮೇಲೆ ಹೊರಳಿಸಿ, ಇನ್ನೊಂದು ಮಗ್ಗುಲಿನಲ್ಲಿ ತನ್ನತ್ತ ಎಳೆದುಕೊಳ್ಳಬೇಕು. ಕಲ್ಲಿನ ಅಗಲ ಸಾಲದಿದ್ದರೆ, ಅಲಗಿನ ಬುಡದಿಂದ ತುದಿಯವರೆಗೂ ಕಲ್ಲು ತಾಗುವಂತೆ ಕತ್ತಿಯನ್ನು ಓರೆಯಾಗಿ ಸಾಗಿಸಬೇಕು. ಕಲ್ಲಿನ ಮೇಲಿನ ನೀರು ಬಾಯಿಯ ಉದ್ದಕ್ಕೂ ಸಮನಾಗಿ ಅಲಗಿನ ಮೇಲೇರಿ ಬಂದರೆ ಅಂಚು ಎಲ್ಲಿಯೂ ಬಿಡದೆ ಕಲ್ಲಿಗೆ ಕೂತಿದೆ ಎಂದರ್ಥ. ತಿರುಗುವ ಸಾಣೆಚಕ್ರಕ್ಕೆ ಮಾತ್ರ ಈ ಕತ್ತಿಯನ್ನು ಕೊಡಲೇಬಾರದು. ತೆಳು ಅಂಚು ಕ್ಷಣದಲ್ಲಿ ಕಾದು ಉಕ್ಕಿನ ಹದ ಕೆಡುತ್ತದೆ.

ಪಟ್ಟಿಯ ಮೇಲೆ ದಿಕ್ಕು ಅದಲುಬದಲು: ಬೆನ್ನು ಮುಂದೆ, ಬಾಯಿ ಹಿಂದೆ. ಪಟ್ಟಿಯ ಒಂದು ತುದಿಯನ್ನು ಕೊಕ್ಕೆಗೆ ಸಿಕ್ಕಿಸಿ ಇನ್ನೊಂದನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಜೋತುಬಿದ್ದ ಪಟ್ಟಿಯಲ್ಲಿ ಅಂಚು ಉರುಟಾಗುತ್ತದೆ. ಪ್ರತಿ ಕ್ಷೌರಕ್ಕೂ ಮೊದಲು ದಪ್ಪ ಬಟ್ಟೆಯ ಮೇಲೆ 20, ಚರ್ಮದ ಮೇಲೆ 50 ಸಲ ಎಳೆದರೆ ತಿಂಗಳುಗಟ್ಟಲೆ ಕಲ್ಲಿನ ಅಗತ್ಯ ಬೀಳುವುದಿಲ್ಲ. ಹೊರಳಿಸುವಾಗ ಅವಸರಪಟ್ಟರೆ ಪಟ್ಟಿ ಸೀಳುತ್ತದೆ.

ಈ ಕತ್ತಿಗಳ ಉಕ್ಕು ಬಹುಪಾಲು ತುಕ್ಕು ಹಿಡಿಯುವಂಥದು. ಬಳಸಿದ ಮೇಲೆ ತೊಳೆದು, ಹಿಡಿಯ ಸಂದಿನಲ್ಲೂ ನೀರಿಲ್ಲದಂತೆ ಒರೆಸಿ, ಗಾಳಿಯಲ್ಲಿ ಆರಲು ಬಿಟ್ಟು ಆಮೇಲೆ ಮಡಚಬೇಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿಡುವುದು ಒಳ್ಳೆಯದು. ಮತ್ತೆ ಬಳಸುವ ಮುನ್ನ ಅದನ್ನು ಒರೆಸಿ ತೆಗೆಯಬೇಕು. ಅಡುಗೆ ಎಣ್ಣೆ ದಿನ ಕಳೆದಂತೆ ಅಂಟಂಟಾಗುತ್ತದೆ. ಬಚ್ಚಲುಮನೆಯಲ್ಲಿ ಕತ್ತಿ ಇಡುವುದು ಬೇಡ.

ಒಬ್ಬರ ಕತ್ತಿಯನ್ನು ಮನೆಯ ಇನ್ನೊಬ್ಬರು ಬಳಸಬಾರದು. ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹೆಪಟೈಟಿಸ್ ಬಿ ಹರಡಬಲ್ಲದು.