ಬೀಗ ಬಂದೂಕಿಗೆ ಹಾಕಿ, ಮಕ್ಕಳ ಆಟಕ್ಕಲ್ಲ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಬಂದೂಕು ಇರುವ ಮನೆಗಳು ಸಾಮಾನ್ಯವಾಗಿ ಎರಡು ಬಗೆಯವು. ಒಂದು, ಕಬ್ಬಿಗೆ ನುಗ್ಗುವ ಹಂದಿಯನ್ನು ಬೆದರಿಸಲು ಬೆಳೆ ರಕ್ಷಣೆಯ ಲೈಸೆನ್ಸ್ ಪಡೆದ ತೋಟದ ಮನೆ. ಇನ್ನೊಂದು, ಸೈನ್ಯದಿಂದ ನಿವೃತ್ತರಾಗಿ ಬ್ಯಾಂಕಿನಲ್ಲಿ ಗನ್‌ಮ್ಯಾನ್ ಕೆಲಸಕ್ಕೆ ಸೇರಿದವರ ಮನೆ. ಅಜ್ಜನ ಕಾಲದ ಕೇಪಿನ ಬಂದೂಕು ಅಟ್ಟದ ಮೇಲೆ ಉಳಿದಿರುವ ಮನೆಗಳೂ ಇಲ್ಲದಿಲ್ಲ. ಇಂಥ ಮನೆಯ ಹುಡುಗ ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಪಿಸ್ತೂಲು ಹಿಡಿದು ‘ಠೋ’ ಎಂದರೆ ತಾಯಿ ಬೈಯುತ್ತಾಳೆ, ತಂದೆ ಕಸಿದು ಎತ್ತಿಡುತ್ತಾನೆ. ಅದೇ ಹೊತ್ತಿಗೆ ನಿಜವಾದ ಬಂದೂಕು ಕಪಾಟಿನ ಹಿಂದೆಯೋ ಗೂಟದ ಮೇಲೋ ಯಾವ ಬೀಗವೂ ಇಲ್ಲದೆ ಇರುತ್ತದೆ. ಪಾಲಕರ ಕಾಳಜಿ ನಿಜವೇ, ಆದರೆ ಅದು ಹೋಗಬೇಕಾದ ಕಡೆಗೆ ಹೋಗುತ್ತಿಲ್ಲ. ಮಗುವಿನ ನಟನೆಯ ಆಟವನ್ನು ಕಾಯುವ ಕೆಲಸ ಬಿಟ್ಟು ದೊಡ್ಡವರ ಆಯುಧವನ್ನು ಕಾಯಬೇಕು ಎನ್ನುವುದು ಈ ಲೇಖನದ ವಾದ. ಕಾಯುವುದು ಹೇಗೆ ಎಂಬ ಕ್ರಮವೂ ಜೊತೆಗೇ ಇದೆ.

ಮೊದಲು ಆಟದ ಮಾತು. ಮೂರು-ನಾಲ್ಕು ವರ್ಷ ದಾಟಿದ ಮಗುವಿಗೆ ತಾನು ನಟಿಸುತ್ತಿದ್ದೇನೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಬೆರಳನ್ನೇ ಬಂದೂಕು ಮಾಡಿಕೊಂಡವನಿಗೆ ಬೆರಳು ಬೆರಳೇ. ಆಟಿಕೆ ಬಂದೂಕು ಹಿಡಿದವನು ಮುಂದೆ ಕೇಡಿಗನಾಗುತ್ತಾನೆ ಎಂಬ ಭಯಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಲಂಡನ್ನಿನ ಶಿಶುವಿಹಾರಗಳಲ್ಲಿ ಆಯುಧದ ಆಟಕ್ಕೆ ಹಾಕಿದ್ದ ಸಂಪೂರ್ಣ ನಿಷೇಧವನ್ನು ಪೆನ್ನಿ ಹಾಲೆಂಡ್ ಎಂಬ ಶಿಕ್ಷಣತಜ್ಞೆ ಪರಿಶೀಲಿಸಿ 2003ರಲ್ಲಿ ಪುಸ್ತಕ ಬರೆದರು. ನಿಷೇಧದಿಂದ ಆಟ ನಿಲ್ಲುವುದಿಲ್ಲ, ಮರೆಗೆ ಸರಿಯುತ್ತದೆ, ಪದೇ ಪದೇ ಬೈಸಿಕೊಳ್ಳುವ ಹುಡುಗರು ತಾವೇ ಕೆಟ್ಟವರೆಂದು ನಂಬತೊಡಗುತ್ತಾರೆ ಎಂಬುದು ಅವರ ಅಭಿಪ್ರಾಯ. ನಮ್ಮ ಜಿಲ್ಲೆಯಲ್ಲಂತೂ ನಿಷೇಧದ ಮಾತೇ ವಿಚಿತ್ರ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಗುಂಡಿಗೆ ಬಿದ್ದ ಕತೆಯನ್ನು ನಾವೇ ಮಕ್ಕಳಿಗೆ ಹೇಳುತ್ತೇವೆ, ಶಾಲೆಯ ವೇಷ ಸ್ಪರ್ಧೆಗೆ ಸಂಗೊಳ್ಳಿ ರಾಯಣ್ಣನಾದವನ ಕೈಗೆ ರಟ್ಟಿನ ಖಡ್ಗ ಕೊಟ್ಟು ಚಪ್ಪಾಳೆ ತಟ್ಟುತ್ತೇವೆ. ಮರುದಿನ ಅದೇ ಮಗು ಅಂಗಳದಲ್ಲಿ ಯುದ್ಧ ಆಡಿದರೆ ಗದರಿಸುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಅಪಾಯ ಎಲ್ಲಿದೆ? 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಅಟ್ಲಾಂಟಾದ ವೈದ್ಯರು 8ರಿಂದ 12 ವರ್ಷದ 64 ಹುಡುಗರನ್ನು 29 ಸಣ್ಣ ಗುಂಪು ಮಾಡಿ ಒಂದೊಂದನ್ನೇ ಕೋಣೆಯಲ್ಲಿ ಬಿಟ್ಟು ನೋಡಿದರು. ಡ್ರಾಯರುಗಳಲ್ಲಿ ನೀರಿನ ಪಿಸ್ತೂಲುಗಳಿದ್ದವು, ಜೊತೆಗೆ ಗುಂಡು ಹಾರದಂತೆ ಮಾಡಿದ್ದ ಒಂದು ನಿಜವಾದ ಪಿಸ್ತೂಲೂ ಇತ್ತು. 21 ಗುಂಪುಗಳಿಗೆ ಅದು ಸಿಕ್ಕಿತು, 16 ಗುಂಪುಗಳು ಎತ್ತಿಕೊಂಡವು, 10 ಗುಂಪುಗಳಲ್ಲಿ ಯಾರಾದರೊಬ್ಬ ಕುದುರೆ ಎಳೆದೇಬಿಟ್ಟ. ಸಿಕ್ಕವರಲ್ಲಿ ಅರ್ಧದಷ್ಟು ಮಂದಿಗೆ ಅದು ಆಟಿಕೆಯೋ ನಿಜವೋ ತಿಳಿಯಲಿಲ್ಲ. ಮುಟ್ಟಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹುಡುಗರಿಗೆ ಬಂದೂಕಿನ ಬಗ್ಗೆ ಮೊದಲೇ ಬುದ್ಧಿ ಹೇಳಲಾಗಿತ್ತು! ಅಂದರೆ ಆಟ ಯಾವುದು, ನಿಜ ಯಾವುದು ಎಂಬ ತಿಳಿವಳಿಕೆ ಮಗುವಿಗೆ ಇದೆ. ಆದರೆ ಕೈಗೆ ಸಿಕ್ಕ ವಸ್ತು ಎರಡರಲ್ಲಿ ಯಾವುದು ಎಂಬುದು ತಿಳಿಯುವುದಿಲ್ಲ. ಉಪದೇಶ ಈ ಕೊರತೆಯನ್ನು ತುಂಬದು. ನಮ್ಮ ರಾಜ್ಯದಲ್ಲೇ 2025ರ ಫೆಬ್ರುವರಿಯಲ್ಲಿ ನಾಗಮಂಗಲ ತಾಲೂಕಿನ ಕೋಳಿ ಫಾರ್ಮಿನಲ್ಲಿ ಹದಿಹರೆಯದ ಹುಡುಗನೊಬ್ಬ ಅಲ್ಲಿದ್ದ ಬಂದೂಕು ಹಿಡಿದು ಆಡುವಾಗ ಗುಂಡು ಹಾರಿ ನಾಲ್ಕು ವರ್ಷದ ಮಗು ತೀರಿಕೊಂಡಿತು, ತಾಯಿಗೂ ಗಾಯವಾಯಿತು. ಆ ಹುಡುಗನ ಆಟದಲ್ಲಿ ಹೊಸದೇನೂ ಇರಲಿಲ್ಲ. ಬಂದೂಕು ಕೈಗೆಟುಕುವಲ್ಲಿತ್ತು, ಒಳಗೆ ಗುಂಡಿತ್ತು.

ಇನ್ನು ಮಾಡಬೇಕಾದ ಕೆಲಸ. ಮೊದಲನೆಯದು ಬಂದೂಕನ್ನು ಖಾಲಿ ಮಾಡುವುದು, ಅದೂ ಹೊಸ್ತಿಲ ಹೊರಗೆ, ಮಕ್ಕಳಿಲ್ಲದಾಗ, ನಳಿಕೆಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿಕೊಂಡು. ಮಡಚಿ ತೆರೆಯುವ ಒಂಟಿ ಅಥವಾ ಜೋಡಿ ನಳಿಕೆಯ ಬಂದೂಕಾದರೆ ತೋಟಾ ತೆಗೆದ ಮೇಲೆ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ, ಎರಡು ಸಲ ಖಚಿತಪಡಿಸಿಕೊಳ್ಳಿ. ಬಾಯಿಂದ ಮದ್ದು ತುಂಬುವ ಕೇಪಿನ ಬಂದೂಕು ಹೆಚ್ಚು ಮೋಸಗಾರ. ಒಳಗೆ ಮದ್ದಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ, ಹಂದಿಗೆಂದು ತುಂಬಿಟ್ಟದ್ದು ತಿಂಗಳುಗಟ್ಟಲೆ ಹಾಗೇ ಉಳಿದಿರಬಹುದು. ಬಳಸುವುದು ತಿಳಿಯದಿದ್ದರೆ ಅದಕ್ಕೆ ಕೈ ಹಾಕದೆ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯ ನೆರವು ಪಡೆಯುವುದೇ ಸರಿ. ಎರಡನೆಯದು ಬೇರೆ ಬೇರೆ ಇಡುವುದು. ಮಡಚುವ ಬಂದೂಕಿನ ನಳಿಕೆಯನ್ನು ಹಿಡಿಯಿಂದ ಸುಲಭವಾಗಿ ಬಿಚ್ಚಬಹುದು: ನಳಿಕೆ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ, ಹಿಡಿ ಇನ್ನೊಂದರಲ್ಲಿ, ತೋಟಾ ಮೂರನೆಯ ಕಡೆ, ಎಲ್ಲಕ್ಕೂ ಬೀಗ. ಗುಂಡು ತೆಗೆದು, ಬೀಗ ಹಾಕಿ, ತೋಟಾವನ್ನು ಬೇರೆಡೆ ಬೀಗ ಹಾಕಿಟ್ಟ ಮನೆಗಳಲ್ಲಿ ಮಕ್ಕಳ ಗಾಯ, ಸಾವು ಗಣನೀಯವಾಗಿ ಕಡಿಮೆ ಎಂದು 2005ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ.

ಮೂರನೆಯದು ಕೀಲಿಕೈ, ಹೆಚ್ಚಿನವರು ಎಡವುವುದು ಇಲ್ಲೇ. ದೇವರ ಮಾಡದಲ್ಲಿ, ಬಾಗಿಲ ಮೊಳೆಯ ಮೇಲೆ, ದಿಂಬಿನ ಕೆಳಗೆ ಇಟ್ಟ ಕೀಲಿ ಬೀಗವನ್ನು ಬರೀ ಅಲಂಕಾರ ಮಾಡಿಬಿಡುತ್ತದೆ. ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರ ಉಡದಾರಕ್ಕೆ ಕೀಲಿ ಕಟ್ಟಿರಲಿ. ‘ನಮ್ಮ ಹುಡುಗನಿಗೆ ಎಲ್ಲಿಟ್ಟಿದ್ದೇವೆಂದೇ ಗೊತ್ತಿಲ್ಲ’ ಎನ್ನುವವರಿಗೆ ಒಂದು ಲೆಕ್ಕ: ಅಮೆರಿಕದ ಅಲಬಾಮಾದ ಹಳ್ಳಿಗಾಡಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಾಗೆ ಹೇಳಿದ ಪಾಲಕರ ಮಕ್ಕಳಲ್ಲಿ ನೂರಕ್ಕೆ 39 ಮಂದಿಗೆ ಜಾಗ ಗೊತ್ತಿತ್ತು. ನಮ್ಮಲ್ಲಿ ಜಾಗ ತಿಳಿಯುವ ದಿನವೂ ನಿಶ್ಚಿತ, ಖಂಡೇನವಮಿ. ಬಂದೂಕು ಹೊರಬರುತ್ತದೆ, ಒರೆಸಿ ಕುಂಕುಮ ಹಚ್ಚಿ ದೇವರ ಮುಂದೆ ಇಡುತ್ತಾರೆ, ಮನೆ ತುಂಬ ಮಕ್ಕಳು. ಪೂಜೆ ಬೇಡವೆನ್ನುತ್ತಿಲ್ಲ. ಖಾಲಿ ಮಾಡಿದ ಬಂದೂಕೇ ಪೂಜೆಗೆ ಕೂರಲಿ, ತೋಟಾ ಪೆಟ್ಟಿಗೆಯಲ್ಲೇ ಇರಲಿ, ಒಬ್ಬ ದೊಡ್ಡವರು ಪಕ್ಕದಲ್ಲಿ ಕೂತಿರಲಿ, ಆರತಿ ಮುಗಿದೊಡನೆ ಬೀಗದೊಳಗೆ ಹೋಗಲಿ. ಸಂಭ್ರಮಕ್ಕೆಂದು ಗಾಳಿಯಲ್ಲಿ ಗುಂಡು ಹಾರಿಸುವವರು ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯನ್ನು ನೆನಪಿಡಬೇಕು: ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಬೀಗ ತೆಗೆಯುವಷ್ಟರಲ್ಲಿ ಹಂದಿ ಕಬ್ಬು ಮುಗಿಸಿರುತ್ತದೆ, ಕಳ್ಳ ಓಡಿರುತ್ತಾನೆ ಎಂಬ ಆಕ್ಷೇಪ ಬರುತ್ತದೆ. ಹಂದಿ ಬರುವುದು ಹೊಲಕ್ಕೆ, ಮಕ್ಕಳು ಮಲಗುವ ಕೋಣೆಗಲ್ಲ. ರಾತ್ರಿ ಕಾವಲಿಗೆ ಹೋಗುವವರು ಸಂಜೆಯೇ ಬೀಗ ತೆಗೆದು, ಬಂದೂಕನ್ನು ತಮ್ಮೊಂದಿಗೇ ಒಯ್ದು, ಬೆಳಿಗ್ಗೆ ತಂದು ಬೀಗದಲ್ಲಿಟ್ಟರೆ ಒಂದು ಕ್ಷಣವೂ ದಂಡವಾಗದು. ಕಳ್ಳನ ಪ್ರಶ್ನೆಗೆ ಉತ್ತರ ಅಷ್ಟು ಸಲೀಸಲ್ಲ, ಒಂದೆರಡು ನಿಮಿಷ ಹೋಗುವುದು ನಿಜ. ಆದರೆ ಕಳ್ಳ ಬರುವುದು ಎಂದೋ ಒಂದು ರಾತ್ರಿ, ಮಗು ಮನೆಯಲ್ಲಿರುವುದು ಎಲ್ಲ ಹಗಲು, ಎಲ್ಲ ರಾತ್ರಿ.

ಸಿನಿಮಾದ ಬಂದೂಕು ಮಕ್ಕಳ ನಡತೆಯನ್ನು ಬದಲಿಸುತ್ತದೆ ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅಮೆರಿಕದ ಓಹಿಯೋದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಂದೂಕಿನ ದೃಶ್ಯಗಳಿದ್ದ ಸಿನಿಮಾ ತುಣುಕು ನೋಡಿದ ಮಕ್ಕಳು, ಆ ದೃಶ್ಯ ಕತ್ತರಿಸಿದ್ದನ್ನು ನೋಡಿದವರಿಗಿಂತ, ಕಪಾಟಿನಲ್ಲಿ ಸಿಕ್ಕ ಬಂದೂಕನ್ನು ಹೆಚ್ಚು ಹೊತ್ತು ಹಿಡಿದರು, ಹೆಚ್ಚು ಸಲ ಕುದುರೆ ಎಳೆದರು. ಆದ್ದರಿಂದ ಪರದೆಯ ಮೇಲಿನದನ್ನು ಮಗು ಎಷ್ಟು ನೋಡುತ್ತದೆ ಎಂಬ ಲಕ್ಷ್ಯ ಇರಲಿ. ಆದರೂ ಆ ಪ್ರಯೋಗ ನಡೆಯಲು ಕಪಾಟಿನಲ್ಲೊಂದು ಬಂದೂಕು ಬೇಕಾಯಿತು ಎಂಬುದನ್ನು ಮರೆಯಬಾರದು.

ಆಟಿಕೆ ಕೊಳ್ಳುವಾಗ ಒಂದೇ ಎಚ್ಚರ ಸಾಕು. ಕಪ್ಪು, ಬೂದು ಬಣ್ಣದ, ಅಸಲಿಯಂತೆ ಕಾಣುವ ಬಂದೂಕು ಬೇಡ. ಕೆಂಪು, ಹಳದಿಯದು ಬರಲಿ. ಗೋಕಾಕದಲ್ಲೇ ಹಗುರ ಕಟ್ಟಿಗೆಯಲ್ಲಿ ಬಣ್ಣದ ಗೊಂಬೆ, ಹಣ್ಣು-ಕಾಯಿ ಮಾಡುವ ಕುಶಲಕರ್ಮಿಗಳಿದ್ದಾರೆ, ನಟನೆಯ ಆಟಕ್ಕೆ ಅವೂ ಒದಗುತ್ತವೆ. ಆದರೆ ಏರ್‌ಗನ್ ಆಟಿಕೆಯಲ್ಲ. 0.177 ಇಂಚಿನೊಳಗಿನ, 20 ಜೂಲ್ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಕಿಲ್ಲವೆಂದು ಅದನ್ನು ಹುಡುಗರ ಕೈಗೆ ಕೊಡುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನಲ್ಲಿ ಮಂಗ ಓಡಿಸಲು ಇಟ್ಟಿದ್ದ ಏರ್‌ಗನ್ನಿನ ಗುಂಡಿಗೆ ಒಂಬತ್ತು ವರ್ಷದ ಬಾಲಕ ಬಲಿಯಾದ. ಅದಕ್ಕೂ ಬೀಗ ಬೇಕು. ಮಗುವಿಗೆ ಹೇಳುವ ಮಾತು ಚಿಕ್ಕದಿರಲಿ: ನಿಜದ್ದು ಕಂಡರೆ ಮುಟ್ಟಬೇಡ, ಅಲ್ಲಿಂದ ಬಾ, ನಮಗೆ ಹೇಳು. ಬರೀ ಬಾಯಿಪಾಠ ಸಾಲದು, ನಡೆದು ಮಾಡಿಸಿ. ಗೆಳೆಯನ ತೋಟಕ್ಕೆ ಕಳುಹಿಸುವ ಮುನ್ನ ಅಲ್ಲಿ ಬಂದೂಕಿಗೆ ಬೀಗವಿದೆಯೇ ಎಂದು ಕೇಳಲು ಸಂಕೋಚ ಬೇಡ. ನಾಯಿ ಕಟ್ಟಿದ್ದೀರಾ ಎಂದು ಎಲ್ಲರೂ ಕೇಳುತ್ತೇವಲ್ಲ.

ಕೊನೆಗೆ ಅಟ್ಟದ ಮೇಲಿನ ಅಜ್ಜನ ಬಂದೂಕು. ಲೈಸೆನ್ಸ್‌ದಾರ ತೀರಿಕೊಂಡರೆ ಅಥವಾ ಲೈಸೆನ್ಸ್ ಅವಧಿ ಮುಗಿದರೆ ಅದನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯಲ್ಲೋ ಜಮಾ ಮಾಡಬೇಕೆಂದು 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಹೇಳುತ್ತದೆ. ಬೇಕೆನಿಸಿದರೆ 21 ವರ್ಷ ತುಂಬಿದ ವಾರಸುದಾರರು ತಮ್ಮ ಹೆಸರಿಗೆ ಬೆಳಗಾವಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬಹುದು. ಬೇಡವಾದರೆ ವ್ಯಾಪಾರಿಗೆ ಮಾರಬಹುದು. ಸುಮ್ಮನೆ ಇಟ್ಟುಕೊಂಡರೆ ಅದು ಅಕ್ರಮ ಬಂದೂಕು. ಶಿಕ್ಷೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು. ಚುನಾವಣೆ ಬಂದಾಗ ಜಮಾ ಮಾಡಲು ಹೇಗೂ ಠಾಣೆಗೆ ಹೋಗುವವರು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ಬಂದೂಕಿನ ಕೆಲಸವೇ ಇಲ್ಲವಾಗಿದ್ದರೆ, ವಾಪಸು ತರುವ ಮೊದಲು ಅದು ನಿಜಕ್ಕೂ ಬೇಕೇ ಎಂದು ಮನೆಯವರನ್ನೆಲ್ಲ ಕೂರಿಸಿಕೊಂಡು ಕೇಳಬಹುದು.