ರಿಂಗು ಕೂರುವ ತನಕ

ಪುಟ್ಟಿ, ಶುಕ್ರವಾರ ಕಾರು ಕೈಗೆ ಬರುತ್ತೆ, ಶನಿವಾರವೇ ಎಕ್ಸ್‌ಪ್ರೆಸ್‌ವೇ ಹಿಡಿದು ಮೈಸೂರಿಗೆ ಬಂದುಬಿಡ್ತೀನಿ ಮಾವ ಅಂದೆಯಲ್ಲ, ಖಂಡಿತ ಬಾ. ಆದರೆ ಆ ದಾರಿ ಬೇಡ. ಕನಕಪುರದ ಮೇಲೆ ಬಾ; ಸಾತನೂರು, ಹಲಗೂರು, ಮಳವಳ್ಳಿ, ಬನ್ನೂರು ದಾಟಿಕೊಂಡು ಬಾ. ಹೊತ್ತು ಹೆಚ್ಚು ಹಿಡಿದರೆ ಹಿಡಿಯಲಿ, ನಿಮ್ಮತ್ತೆ ಊಟಕ್ಕೆ ಕಾಯುತ್ತಾಳೆ.

2023ರಲ್ಲಿ ಉದ್ಘಾಟನೆಯಾದ ಆ ದೊಡ್ಡ ರಸ್ತೆಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಕೆಂಗೇರಿ ದಾಟಿ ಟಾಪ್ ಗೇರಿಗೆ ಹಾಕಿ 95ರಲ್ಲಿ ಕಾಲು ಊರಿದರೆ ಮೈಸೂರು ಹತ್ತಿರ ಬರುವವರೆಗೂ ಆ ಕಾಲು ಅಲ್ಲಾಡುವುದಿಲ್ಲ. ಇಂಜಿನ್ನು ಒಂದೇ ವೇಗದಲ್ಲಿ, ಒಂದೇ ಹಗುರ ಭಾರದಲ್ಲಿ ನೂರು ಕಿಲೋಮೀಟರ್ ತಿರುಗುತ್ತದೆ. ಕನಕಪುರದ ದಾರಿಯಲ್ಲಿ ಹಾಗಾಗುವುದಿಲ್ಲ. ಊರೂರಿಗೂ ಹಂಪು, ಸಾತನೂರಿನ ಕಡೆ ಏರು ಇಳಿವು, ಮುಂದೆ ಕಬ್ಬಿನ ಟ್ರ್ಯಾಕ್ಟರು, ಅದನ್ನು ದಾಟಲು ಮೂರನೇ ಗೇರು, ದಾಟಿದ ಮೇಲೆ ನಾಲ್ಕು. ಐದು ನಿಮಿಷಕ್ಕೊಮ್ಮೆ ಇಂಜಿನ್ನಿನ ವೇಗವೂ ಬದಲಾಗುತ್ತದೆ, ಎಳೆಯುವ ಭಾರವೂ ಬದಲಾಗುತ್ತದೆ. ಹೊಸ ಇಂಜಿನ್ನಿಗೆ ಬೇಕಾದ್ದು ಅದೇ. ಕಾರಿನ ಜೊತೆ ಕೊಡುವ ಪುಸ್ತಕದಲ್ಲೂ ಸಾಮಾನ್ಯವಾಗಿ ಮೊದಲ 1000 ಕಿಲೋಮೀಟರ್ ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ ಎಂದಿರುತ್ತದೆ. ಯಾಕೆ ಎಂದು ಮಾತ್ರ ಬರೆದಿರುವುದಿಲ್ಲ. ಆ ಕಾರಣ ನಿನಗೆ ಗೊತ್ತಿರಲಿ ಎಂದೇ ಇಷ್ಟುದ್ದ ಬರೆಯುತ್ತಿದ್ದೇನೆ. ಕಾರಣ ಗೊತ್ತಿದ್ದವಳಿಗೆ ನಿಯಮ ಬಾಯಿಪಾಠ ಮಾಡಬೇಕಾಗಿಲ್ಲ.

ನನ್ನ ಜೀವಮಾನವೆಲ್ಲ ಸಿಲಿಂಡರ್ ಬೋರಿಂಗ್ ಮತ್ತು ಹೋನಿಂಗ್ ಮಾಡಿಯೇ ಕಳೆಯಿತು. ಸವೆದ ಅಂಬಾಸಿಡರ್ ಇಂಜಿನ್ನು ಬಿಚ್ಚಿ ಬಂದರೆ ಅದರ ಬೋರನ್ನು, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆಯನ್ನು, ಇಂಚಿನ ಸಾವಿರದಲ್ಲಿ ಇಪ್ಪತ್ತು ಭಾಗದಷ್ಟು ದೊಡ್ಡದು ಮಾಡಿ, ಓವರ್‌ಸೈಜ್ ಪಿಸ್ಟನ್ ಕೂರಿಸಲು ಅಣಿ ಮಾಡಿ ಕೊಡುತ್ತಿದ್ದೆ. ಬೋರಿಂಗ್ ಆದ ಮೇಲೆ ಹೋನಿಂಗ್. ಸಾಣೆಕಲ್ಲಿನ ಕಡ್ಡಿಗಳನ್ನು ಜೋಡಿಸಿದ ಒಂದು ಸರಳು ಬೋರಿನೊಳಗೆ ತಿರುಗುತ್ತಲೇ ಮೇಲೆ ಕೆಳಗೆ ಆಡುತ್ತದೆ, ಮೇಲಿಂದ ಎಣ್ಣೆ ಸುರಿಯುತ್ತಿರುತ್ತದೆ. ಕೆಲಸ ಮುಗಿದ ಮೇಲೆ ಒರೆಸಿ, ಲೈಟು ಓರೆಯಾಗಿ ಹಿಡಿದು ನೋಡಿದರೆ ಗೋಡೆಯ ತುಂಬ ಸಣ್ಣ ಗೀರುಗಳು ಕಾಣುತ್ತವೆ. ಎಡದಿಂದ ಮೇಲೇರುವವು ಒಂದಷ್ಟು, ಬಲದಿಂದ ಮೇಲೇರುವವು ಒಂದಷ್ಟು, ಒಂದನ್ನೊಂದು ಕತ್ತರಿಸಿಕೊಂಡು. ಉಗುರು ಆಡಿಸಿದರೆ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣವು. ಇಷ್ಟು ದುಡ್ಡು ತಗೊಂಡು ಗೀರು ಯಾಕೆ ಬಿಟ್ಟಿರಿ, ಚೆನ್ನಾಗಿ ಪಾಲಿಶ್ ಮಾಡಿಕೊಡಿ ಎಂದು ಜಗಳಕ್ಕೆ ಬಂದ ಮಾಲೀಕರೂ ಇದ್ದರು.

ಆ ಗೀರೇ ಇಂಜಿನ್ನಿನ ಆಯಸ್ಸು ಕಣಮ್ಮ. ಅದಕ್ಕೆ ಎರಡು ಕೆಲಸ. ಒಂದು, ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವುದು. ನುಣುಪಾದ ಗೋಡೆಯ ಮೇಲೆ ಎಣ್ಣೆ ನಿಲ್ಲುವುದಿಲ್ಲ. ಇನ್ನೊಂದು, ಪಿಸ್ಟನ್ನಿನ ಸುತ್ತ ಕೂತು ಅದರ ಜೊತೆ ಮೇಲೆ ಕೆಳಗೆ ಓಡಾಡುವ ರಿಂಗಿನ ಅಂಚನ್ನು ಉಜ್ಜಿ, ಆ ಬೋರಿನ ಸುತ್ತಳತೆಗೆ ಸರಿಯಾಗಿ ಹೊಂದಿಸುವುದು. ರಿಂಗು ಎಷ್ಟೇ ಕರಾರುವಾಕ್ಕಾಗಿ ತಯಾರಾಗಿದ್ದರೂ ತನ್ನ ಬೋರಿಗೆ ಪೂರ್ತಿ ಹೊಂದುವುದು ಓಡಿದ ಮೇಲೆಯೇ. ನಿಮ್ಮಜ್ಜಿಯ ಕಾಲದಲ್ಲಿ ಬೀಸುವ ಕಲ್ಲು ನುಣ್ಣಗಾದರೆ ಕಲ್ಲು ಕುಟ್ಟುವವರನ್ನು ಕರೆದು ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಕುಟ್ಟಿಸುತ್ತಿದ್ದರು. ಆಮೇಲೆ ರಾಗಿ ಹಾಕುವ ಮುಂಚೆ ಒಂದಷ್ಟು ತೌಡು ಹಾಕಿ ಬೀಸಿ, ಅದನ್ನು ಚೆಲ್ಲುತ್ತಿದ್ದರು. ಮೇಲಿನ ಕಲ್ಲೂ ಕೆಳಗಿನ ಕಲ್ಲೂ ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ಅಷ್ಟು ಮಾಡಲೇಬೇಕು. ಇಂಜಿನ್ನಿನಲ್ಲೂ ನಡೆಯುವುದು ಅದೇ ಕೆಲಸ. ಅದಕ್ಕೆ ರಿಂಗು ಕೂರುವುದು ಅನ್ನುತ್ತೇವೆ.

ಈಗ ನಿಜವಾದ ಗುಟ್ಟಿಗೆ ಬರುತ್ತೇನೆ. ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದು ಯಾವುದು? ರಿಂಗಿಗೂ ಸ್ಪ್ರಿಂಗಿನ ಗುಣ ಇದೆ, ಆದರೆ ಅದರ ಒತ್ತಡ ಅಲ್ಪ. ಮೇಲಿನ ರಿಂಗನ್ನು ಗಟ್ಟಿಯಾಗಿ ಒತ್ತುವುದು ಬೆಂಕಿ. ಪೆಟ್ರೋಲ್ ಉರಿದಾಗ ಹುಟ್ಟುವ ಗ್ಯಾಸು ಪಿಸ್ಟನ್ನಿನ ಮೇಲಿಂದ ನುಗ್ಗಿ, ರಿಂಗಿನ ಹಿಂದಿರುವ ಸಂದಿಗೆ ಸೇರಿಕೊಂಡು, ಅದನ್ನು ಹೊರಕ್ಕೆ ತಳ್ಳುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಗ್ಯಾಸಿನ ಒತ್ತಡ ಹೆಚ್ಚು, ರಿಂಗು ಗೋಡೆಗೆ ಒರಗುವುದೂ ಹೆಚ್ಚು. ಹೊಸ ಕಾರು ಅಂತ ಕಾಲನ್ನೇ ಊರದೆ ಮೆಲ್ಲಗೆ ತೆವಳಿಸುತ್ತಿದ್ದರೆ ರಿಂಗು ಗೋಡೆಗೆ ಸರಿಯಾಗಿ ಒರಗುವುದೇ ಇಲ್ಲ. ಸಂದಿಯಲ್ಲಿ ಎಣ್ಣೆ ಮೇಲೆ ಬರುತ್ತದೆ, ಬಿಸಿ ಗ್ಯಾಸು ಕೆಳಗೆ ನುಸುಳುತ್ತದೆ, ಗೋಡೆಯ ಮೇಲಿನ ಎಣ್ಣೆ ಸುಟ್ಟು ಗೀರುಗಳ ತುಂಬ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನಾವು ಅದನ್ನು ಗ್ಲೇಜ್ ಅನ್ನುತ್ತಿದ್ದೆವು. ಒಮ್ಮೆ ಗ್ಲೇಜ್ ಆಯಿತೆಂದರೆ ಆಮೇಲೆ ನೀನು ಹೇಗೆ ಓಡಿಸಿದರೂ ರಿಂಗು ಕೂರುವುದು ಕಷ್ಟ.

ನಿವೃತ್ತರಾದ ಒಬ್ಬ ಹಿರಿಯರ ಕಾರು ನಮ್ಮಲ್ಲಿಗೆ ಬಂದಿತ್ತು. ಒಂದು ತರಚಿಲ್ಲ, ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಮನೆಯಿಂದ ದೇವಸ್ಥಾನ, ದೇವಸ್ಥಾನದಿಂದ ತರಕಾರಿ ಅಂಗಡಿ, ಅಲ್ಲಿಂದ ಮನೆ, ಮೂವತ್ತರ ಮೇಲೆ ಮುಳ್ಳು ಹೋಗಿಲ್ಲ. ಬಳಸದ ದಿನ ಶೆಡ್ಡಿನಲ್ಲೇ ಸ್ಟಾರ್ಟ್ ಮಾಡಿ ಅರ್ಧ ಗಂಟೆ ಬಿಡುತ್ತಿದ್ದರಂತೆ, ಇಂಜಿನ್ನಿಗೆ ಒಳ್ಳೆಯದು ಅಂತ. ಆ ಕಾರು ಆಯಿಲ್ ಕುಡಿಯುತ್ತಿತ್ತು, ಬೆಳಿಗ್ಗೆ ನೀಲಿ ಹೊಗೆ ಬಿಡುತ್ತಿತ್ತು. ಹೆಡ್ ಎತ್ತಿ ನೋಡಿದೆವು. ನಾಲ್ಕು ಬೋರೂ ಮುಖ ಕಾಣುವಷ್ಟು ಹೊಳೆಯುತ್ತಿದ್ದವು, ಕಂಪನಿ ಹಾಕಿದ ಗೀರಿನ ಗುರುತೇ ಉಳಿದಿರಲಿಲ್ಲ. ಅಳತೆ ಹಿಡಿದರೆ ಸವೆತವೇ ಇಲ್ಲ. ಸವೆಯದ ಬೋರನ್ನು ಮತ್ತೆ ಹೋನ್ ಮಾಡಿ ಹೊಸ ರಿಂಗು ಹಾಕಬೇಕಾಯಿತು. ಅವರ ಮುಖ ಸಣ್ಣಗಾಗಿದ್ದನ್ನು ನೋಡಿ ನನಗೂ ಸಂಕಟವಾಯಿತು. ಮಗುವಿನಷ್ಟು ಜೋಪಾನ ಮಾಡಿದ್ದರು, ಪಾಪ.

ಇನ್ನೊಂದು ಅತಿ ನಿನಗೆ ಗೊತ್ತೇ ಇದೆ. ಮೊದಲ ದಿನವೇ ಆರು ಸಾವಿರ ಆರ್‌ಪಿಎಂವರೆಗೆ ರೇಸ್ ಮಾಡಿದರೆ ಇನ್ನೂ ಹೊಂದಿಕೊಳ್ಳದ ಲೋಹ ಲೋಹಕ್ಕೆ ಉಜ್ಜಿ, ಬೋರಿನಲ್ಲಿ ಉದ್ದುದ್ದಕ್ಕೆ ಬರೆ ಬೀಳುತ್ತದೆ. ಅದಕ್ಕೆ ಔಷಧಿ ಬೋರಿಂಗ್ ಮೆಷಿನ್ ಒಂದೇ.

ಹೊಸ ಇಂಜಿನ್ನನ್ನು ಮೊದಲ ಮೂವತ್ತು ಕಿಲೋಮೀಟರಿನಲ್ಲೇ ಚೆನ್ನಾಗಿ ದಂಡಿಸಬೇಕು ಅನ್ನುವ ವಿಡಿಯೋ ನೀನೂ ನೋಡಿರುತ್ತೀಯ. ಅವರು ಹೇಳುವುದರಲ್ಲಿ ಅರ್ಧ ಸತ್ಯವಿದೆ. ಒತ್ತಡ ಬೇಕು ಅನ್ನುವುದು ನಿಜ. ಆದರೆ ಅದಕ್ಕೆ ಮುಕ್ಕಾಲು ಪಾಲು ಆಕ್ಸಿಲರೇಟರ್ ಸಾಕು, ಅದೂ ಕೆಲವು ಸೆಕೆಂಡು, ಅದೂ ಇಂಜಿನ್ನು ಪೂರ್ತಿ ಬಿಸಿಯಾದ ಮೇಲೆ. ಮೂರನೇ ಗೇರಿನಲ್ಲಿ 30ರಿಂದ 60ಕ್ಕೆ ಧೈರ್ಯವಾಗಿ ಎಳಿ. ಆಮೇಲೆ ಕಾಲು ತೆಗೆದು ಗೇರಿನಲ್ಲೇ ಬಿಡು, ಅದು ತಾನಾಗಿ 30ಕ್ಕೆ ಇಳಿಯಲಿ. ಹಾಗೆ ಇಳಿಯುವಾಗ ಸಿಲಿಂಡರಿನಲ್ಲಿ ನಿರ್ವಾತ ಹುಟ್ಟಿ ಸ್ವಲ್ಪ ಎಣ್ಣೆ ಮೇಲೆ ಎಳೆದುಕೊಂಡು ರಿಂಗಿನ ಸುತ್ತ ತೊಳೆಯುತ್ತದೆ ಎಂದು ನಾವು ಗ್ಯಾರೇಜಿನವರು ಹೇಳಿಕೊಡುತ್ತಿದ್ದೆವು. ಹಿಂದೆ ಮುಂದೆ ವಾಹನ ಇಲ್ಲದ ಜಾಗ ನೋಡಿ ಹೀಗೆ ಏರಿಳಿಸುತ್ತ ಬಾ. ಹಲಗೂರು, ಮಳವಳ್ಳಿಯ ನಡುವೆ ಅಂಥ ಜಾಗ ಸಿಗುತ್ತದೆ.

ನಿನ್ನದು 1200 ಸಿಸಿ ಪೆಟ್ರೋಲ್, ಮಾಮೂಲಿ ಗೇರಿನ ಗಾಡಿ. ಮೊದಲ ಐನೂರು ಕಿಲೋಮೀಟರ್ 3000 ಆರ್‌ಪಿಎಂ ಒಳಗೆ ಇರಲಿ, ಆಮೇಲಿನ ಐನೂರರಲ್ಲಿ ಆಗೊಮ್ಮೆ ಈಗೊಮ್ಮೆ 3500, 4000 ಮುಟ್ಟಲಿ. ನಿನ್ನ ಕಾರಿನ ಪುಸ್ತಕ ಬೇರೆ ಅಂಕಿ ಹೇಳಿದರೆ ಪುಸ್ತಕದ ಮಾತೇ ಸರಿ, ನನ್ನದಲ್ಲ. 3000 ಅಂದರೆ ಕಡಿಮೆಯೇನಲ್ಲ. ಒಂದು ಸೆಕೆಂಡಿಗೆ 50 ಸಲ ಕ್ರ್ಯಾಂಕು ತಿರುಗಿ, ಪಿಸ್ಟನ್ನು 50 ಸಲ ಮೇಲೆ ಹೋಗಿ 50 ಸಲ ಕೆಳಗೆ ಬರುತ್ತದೆ. ಬೆಂಗಳೂರಿನೊಳಗೆ ಗಂಟೆಗೆ 30 ಕಿಲೋಮೀಟರಿನಂತೆ, ಸರಾಸರಿ 2000 ಆರ್‌ಪಿಎಂನಲ್ಲಿ ಓಡಿದರೂ ಸಾವಿರ ಕಿಲೋಮೀಟರ್ ಮುಗಿಯುವ ಹೊತ್ತಿಗೆ ಕ್ರ್ಯಾಂಕು ಸುಮಾರು 40 ಲಕ್ಷ ಸುತ್ತು ಹಾಕಿರುತ್ತದೆ. ಆ ಸುತ್ತುಗಳಲ್ಲಿ ರಿಂಗು ಹೇಗೆ ಉಜ್ಜಿಕೊಂಡಿತೋ ಹಾಗೆಯೇ ಮುಂದಿನ ಲಕ್ಷ ಕಿಲೋಮೀಟರ್ ನಡೆಯುತ್ತದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಹೊರಡಬೇಡ, ಹತ್ತು ನಿಮಿಷ ನಿಲ್ಲಿಸಿಕೊಂಡು ಕಾಯಲೂ ಬೇಡ. ಸೀಟ್ ಬೆಲ್ಟ್ ಹಾಕಿ, ಕನ್ನಡಿ ಸರಿ ಮಾಡಿಕೊಳ್ಳುವ ಅರ್ಧ ನಿಮಿಷ ಸಾಕು, ಎಣ್ಣೆ ಮೇಲೇರಿರುತ್ತದೆ. ಆಮೇಲೆ ಮೆಲ್ಲಗೆ ಹೊರಡು. ತಣ್ಣಗಿರುವ ಇಂಜಿನ್ನನ್ನು ನಿಂತಲ್ಲೇ ಓಡಿಸುತ್ತಿದ್ದರೆ ಪೂರ್ತಿ ಉರಿಯದ ಪೆಟ್ರೋಲು ಬೋರಿನ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿದು ಆಯಿಲ್ಲಿಗೆ ಸೇರುತ್ತದೆ. ಕೆಲವು ಕಾರಿನಲ್ಲಿ ನೀಲಿ ದೀಪ ಇರುತ್ತದೆ, ಇಂಜಿನ್ನಿನ ನೀರು ಬಿಸಿಯಾದ ಮೇಲೆ ಆರುತ್ತದೆ. ದೀಪ ಆರಿದ ಮೇಲೂ ಇನ್ನೊಂದೈದು ನಿಮಿಷ ಜೋರಾಗಿ ಎಳೆಯದೆ ತಾಳು, ಏಕೆಂದರೆ ನೀರು ಬಿಸಿಯಾದಷ್ಟು ಬೇಗ ಆಯಿಲ್ ಬಿಸಿಯಾಗುವುದಿಲ್ಲ.

ಈಗಿನ ಕಾರುಗಳ ಮೀಟರಿನಲ್ಲಿ ಮೇಲಿನ ಗೇರಿಗೆ ಹಾಕು ಎಂದು ಬಾಣದ ಗುರುತು ಬರುತ್ತದೆ. ಅದು ಮೈಲೇಜಿಗಾಗಿ ಇರುವ ಬಾಣ. ಏರಿನಲ್ಲಿ ಅದರ ಮಾತು ಕೇಳಬೇಡ. ನಾಲ್ಕನೇ ಗೇರಿನಲ್ಲಿ 30ಕ್ಕೆ ಇಳಿದು ಗಾಡಿ ಗಡಗಡ ಅದುರುತ್ತಿದ್ದರೂ ಕಾಲು ಅದುಮಿ ಎಳೆಸುವುದು ಕ್ರ್ಯಾಂಕಿನ ಬೇರಿಂಗಿಗೆ ಮಾಡುವ ದ್ರೋಹ. ಇಂಜಿನ್ನು ನಿಧಾನವಾಗಿ ತಿರುಗುವಾಗ ಬೇರಿಂಗಿನಲ್ಲಿ ಎಣ್ಣೆಯ ಪದರ ತೆಳ್ಳಗಿರುತ್ತದೆ, ಮೇಲಿಂದ ಬೀಳುವ ಪೆಟ್ಟು ಮಾತ್ರ ದೊಡ್ಡದು. ಗೇರು ಇಳಿಸು. ಸದ್ದು ಸ್ವಲ್ಪ ಹೆಚ್ಚಾದರೂ ಇಂಜಿನ್ನಿಗೆ ಅದೇ ನೆಮ್ಮದಿ.

ಬ್ರೇಕು, ಕ್ಲಚ್ಚು, ಟೈರು ಕೂಡ ಹೊಸವೇ ಅಲ್ಲವೇ? ಬ್ರೇಕ್ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುವವರೆಗೆ, ಮೊದಲ ಮುನ್ನೂರು ಕಿಲೋಮೀಟರ್, ಮುಂದಿನ ಗಾಡಿಗೂ ನಿನಗೂ ಹೆಚ್ಚು ಅಂತರವಿರಲಿ. ಹೊಸ ಟೈರಿನ ಮೈ ಮೊದಮೊದಲು ಜಾರುತ್ತದೆ, ಮಳೆ ಬಂದರೆ ಇನ್ನೂ ಜಾಗ್ರತೆ. ಸಿಲ್ಕ್ ಬೋರ್ಡಿನ ಜಾಮಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ನಿಲ್ಲುವ ಅಭ್ಯಾಸ ಮಾಡಿಕೊಂಡರೆ ಅದು ಬಿಡುವುದಿಲ್ಲ. ನ್ಯೂಟ್ರಲ್ ಮಾಡಿ ಹ್ಯಾಂಡ್ ಬ್ರೇಕ್ ಎಳಿ.

ಧರ್ಮಸ್ಥಳಕ್ಕೆ ಹೊಸ ಕಾರಲ್ಲೇ ಹೋಗೋಣ ಎಂದು ನಿಮ್ಮಮ್ಮ ಆಗಲೇ ಫೋನು ಮಾಡಿದ್ದಳು. ನಾನು ಒಂದು ತಿಂಗಳು ಮುಂದೂಡಿಸಿದ್ದೇನೆ. ಐದು ಜನ, ಡಿಕ್ಕಿ ತುಂಬ ಸಾಮಾನು, ಏಸಿ ಹಾಕಿಕೊಂಡು ವಾಪಸು ಬರುವಾಗ ಶಿರಾಡಿ ಘಾಟಿ ಹತ್ತಿಸುವುದು ಮೊದಲ ವಾರದ ಕೆಲಸವಲ್ಲ. ಪೂಜೆ ಹತ್ತಿರದ ದೇವಸ್ಥಾನದಲ್ಲೇ ಆಗಲಿ. ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಮನಸ್ಸು ತುಂಬ ಪೂಜೆ ಮಾಡಿಸು. ಮುಂದಿನ ಜಾಲರಿಗೆ ಕಟ್ಟಿದ ದಪ್ಪ ಹೂವಿನ ಹಾರವನ್ನು ಮಾತ್ರ ಹೊರಡುವ ಮುಂಚೆ ಬಿಚ್ಚಿಡು, ರೇಡಿಯೇಟರಿಗೆ ಗಾಳಿ ಹೋಗುವುದು ಅದೇ ದಾರಿಯಲ್ಲಿ.

ಇದೆಲ್ಲ ಅಂಬಾಸಿಡರ್ ಕಾಲದ್ದು, ಈಗಿನ ಇಂಜಿನ್ನಿಗೆ ಬೇಕಿಲ್ಲ ಎಂದು ಶೋರೂಮಿನ ಹುಡುಗರು ಹೇಳಬಹುದು. ಅವರ ಮಾತಿನಲ್ಲೂ ಹುರುಳಿದೆ. ಈಗ ಬೋರಿನ ಗೀರುಗಳ ಚೂಪು ತುದಿಯನ್ನು ಕಾರ್ಖಾನೆಯಲ್ಲೇ ಸವರಿ ಸಮ ಮಾಡಿರುತ್ತಾರೆ, ಯಂತ್ರಗಳ ಕೆಲಸವೂ ನಮ್ಮ ಕೈಗಿಂತ ಎಷ್ಟೋ ನಯ. ಆಗ ಒಂದು ತಪ್ಪಿಗೆ ಇಂಜಿನ್ನೇ ಹಿಡಿದುಕೊಂಡು ನಿಲ್ಲುತ್ತಿತ್ತು, ಈಗ ಹಾಗಾಗುವುದು ಅಪರೂಪ. ಆದರೆ ರಿಂಗು ಈಗಲೂ ರಿಂಗೇ, ಅದನ್ನು ಒತ್ತುವುದು ಈಗಲೂ ಗ್ಯಾಸೇ. ಕಂಪನಿಯವರೇ ಪುಸ್ತಕದಲ್ಲಿ ಬರೆದಿರುವಾಗ ಶೋರೂಮಿನ ಬಾಯಿಮಾತು ಯಾಕೆ ನಂಬಬೇಕು?

ಶೋರೂಮಿನಲ್ಲಿ ಇಂಜಿನ್ ಕೋಟಿಂಗ್, ಆಯಿಲ್ಲಿಗೆ ಬೆರೆಸುವ ಡಬ್ಬಿ ಅಂತ ಏನಾದರೂ ಮಾರಲು ಬಂದರೆ ಬೇಡ ಅನ್ನು. ರಿಂಗು ಉಜ್ಜಿಕೊಳ್ಳಬೇಕಾದ ಹೊತ್ತಿನಲ್ಲಿ ಉಜ್ಜದಂತೆ ಮಾಡುವ ವಸ್ತು ಯಾಕೆ? ಆಯಿಲ್ ಬದಲಿಸುವ ವಿಷಯದಲ್ಲೂ ಪುಸ್ತಕ ನೋಡು. ಹಿಂದೆ ಮೊದಲ ಸರ್ವೀಸಿಗೇ ಇಳಿಸುತ್ತಿದ್ದೆವು, ಇಳಿಸಿದ ಆಯಿಲ್ಲಿನಲ್ಲಿ ಲೋಹದ ಪುಡಿ ಮಿನುಗುತ್ತಿತ್ತು. ಈಗ ಎಷ್ಟೋ ಕಾರುಗಳಿಗೆ ಸಾವಿರ ಕಿಲೋಮೀಟರಿನ ಸರ್ವೀಸಿನಲ್ಲಿ ತಪಾಸಣೆ ಮಾತ್ರ. ಆದರೆ ಒಂದು ಲೆಕ್ಕ ಇಟ್ಟುಕೋ. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ನಿಂತಾಗ ಕಿಲೋಮೀಟರ್ ಏರುವುದಿಲ್ಲ, ಇಂಜಿನ್ನು ಮಾತ್ರ ತಿರುಗುತ್ತಲೇ ಇರುತ್ತದೆ. ಹತ್ತು ಸಾವಿರ ಆಗಿಲ್ಲವಲ್ಲ ಅಂತ ಕೂರದೆ ವರ್ಷಕ್ಕೊಮ್ಮೆ ಆಯಿಲ್ ಬದಲಿಸು.

ಮೊದಲ ತಿಂಗಳು ವಾರಕ್ಕೊಮ್ಮೆ ಡಿಪ್‌ಸ್ಟಿಕ್ ಎಳೆದು ನೋಡು. ಸಮತಟ್ಟಾದ ಜಾಗ, ಇಂಜಿನ್ ನಿಲ್ಲಿಸಿ ಹತ್ತು ನಿಮಿಷವಾಗಿರಬೇಕು. ಒರೆಸಿ, ಮತ್ತೆ ಅದ್ದಿ, ಎರಡು ಗುರುತುಗಳ ನಡುವೆ ಆಯಿಲ್ ಎಲ್ಲಿದೆ ನೋಡಿ, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೋ. ಆರಂಭದಲ್ಲಿ ಒಂದು ಕೂದಲೆಳೆ ಇಳಿದರೆ ಗಾಬರಿಯಾಗಬೇಡ. ವಾರ ವಾರವೂ ಇಳಿಯುತ್ತಲೇ ಹೋದರೆ ಆ ಫೋಟೋಗಳನ್ನು ಸರ್ವೀಸಿನವರ ಮುಂದೆ ಇಡು, ವಾರಂಟಿಯಲ್ಲಿ ನೋಡಿಕೊಡಲಿ. ಸರ್ವೀಸಿನಿಂದ ಗಾಡಿ ಬಿಡಿಸಿಕೊಳ್ಳುವ ದಿನ ಮತ್ತೆ ಎಳೆದು ನೋಡು. ಮೇಲಿನ ಗುರುತಿಗಿಂತ ಹೆಚ್ಚು ತುಂಬಿದ್ದರೆ ಅಲ್ಲೇ ನಿಂತು ಇಳಿಸಿಸು. ಆಯಿಲ್ ಹೆಚ್ಚಾದರೆ ಕ್ರ್ಯಾಂಕು ಅದನ್ನು ಬಡಿದು ನೊರೆ ಎಬ್ಬಿಸುತ್ತದೆ, ನೊರೆಯೆದ್ದ ಆಯಿಲ್ ಬೇರಿಂಗನ್ನು ಕಾಯುವುದಿಲ್ಲ.