ಬಿಚ್ಚಿ ಕಟ್ಟಿದ ಇಂಜಿನ್ನು: ಹಣ ಕೊಡುವ ಮೊದಲು



ಧರ್ಮಾ ಜಲಾಶಯ ಹತ್ತಿರವಿದ್ದರೂ ಅದರ ನೀರು ಮಳಗಿ ಸುತ್ತಿನ ಎಲ್ಲ ತೋಟಗಳಿಗೂ ಹರಿಯುವುದಿಲ್ಲ. ಹಳ್ಳಕ್ಕೆ ಕೊಳವೆ ಇಳಿಸಿ, ಕರೆಂಟಿಲ್ಲದ ಹೊತ್ತಿನಲ್ಲಿ ಡೀಸೆಲ್ ಪಂಪನ್ನೇ ನಂಬಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಕಳೆದ ಮಾರ್ಚಿನಲ್ಲಿ ಆ ಪಂಪು ನಮಗೇ ಕೈಕೊಟ್ಟಿತು. ಡಿಸೆಂಬರಿನಲ್ಲಿ ಪೇಟೆಯಲ್ಲಿ ಪೂರ್ತಿ ಬಿಚ್ಚಿ ಕಟ್ಟಿಸಿ, ಬಣ್ಣ ಹೊಡೆಸಿ ತಂದ ಇಂಜಿನ್ನು. ಮೂರೇ ತಿಂಗಳಲ್ಲಿ ಕ್ರ್ಯಾಂಕ್ ಮುರಿಯಿತು. ಹದಿನೆಂಟು ದಿನ ನೀರಿಲ್ಲ. ಎಳೆಗಾಯಿ ಉದುರುವುದನ್ನೂ, ನಡುವಿನ ಕಾಫಿಯ ಮೊಗ್ಗು ಒಣಗುವುದನ್ನೂ ನೋಡುತ್ತ ಕುಳಿತೆವು.

ಮುರಿದದ್ದು ಎಲ್ಲಿ? ಕ್ರ್ಯಾಂಕಿನ ಪಿನ್ನು ಪಕ್ಕದ ತೋಳಿಗೆ ಸೇರುವ ಮೂಲೆಯಲ್ಲಿ. ಸವೆದ ಪಿನ್ನನ್ನು 0.25 ಅಥವಾ 0.50 ಮಿಲಿಮೀಟರ್ ಉಜ್ಜಿ, ಅದೇ ಅಳತೆಯ ಬೇರಿಂಗ್ ಹಾಕುವುದು ಸರಿಯಾದ ಕ್ರಮವೇ. ಆದರೆ ಆ ಮೂಲೆ ಮೊದಲಿದ್ದ ಹಾಗೆ ಗುಂಡಗೆ ಉಳಿಯಬೇಕು. ನಮ್ಮದನ್ನು ಚೌಕವಾಗಿ, ಚೂಪಾಗಿ ಕೊರೆದಿದ್ದರು. ಅಡಿಕೆ ದಬ್ಬೆಗೆ ಕತ್ತಿಯಿಂದ ಒಂದು ಗೀರು ಹಾಕಿ ಬಗ್ಗಿಸಿ ನೋಡಿ, ಅದು ಗೀರಿನಲ್ಲೇ ಮುರಿಯುತ್ತದೆ. ಉಕ್ಕಿನ ಕಥೆಯೂ ಅಷ್ಟೇ, ಸ್ವಲ್ಪ ತಡವಾಗುತ್ತದೆ.

ಇನ್ನೊಂದು ತಪ್ಪು ತೂಕದ್ದು. ಒಂಟಿ ಸಿಲಿಂಡರಿನ ಇಂಜಿನ್ನು ಪೂರ್ತಿ ಸಮತೋಲಕ್ಕೆ ಬರುವುದೇ ಇಲ್ಲ. ತಿರುಗುವ ಭಾಗದ ತೂಕವನ್ನೂ, ಮೇಲೆ ಕೆಳಗೆ ಓಡುವ ಪಿಸ್ಟನ್ನಿನ ಸುಮಾರು ಅರ್ಧ ತೂಕವನ್ನೂ ಕ್ರ್ಯಾಂಕಿನ ಎದುರುಭಾರ ಸರಿದೂಗಿಸುತ್ತದೆ, ಉಳಿದದ್ದು ಅಲುಗಾಟ. (ಸೊನ್ನೆ ಅಲುಗಾಟ ಮಾಡಿಕೊಡುತ್ತೇವೆ ಎನ್ನುವ ಮಿಸ್ತ್ರಿಯ ಮಾತು ನಂಬಬೇಡಿ.) ಆ ಎದುರುಭಾರ ಹಳೆಯ ಪಿಸ್ಟನ್ನಿಗೆ ಲೆಕ್ಕಹಾಕಿದ್ದು. ನಮಗೆ ಹಾಕಿದ ಪಿಸ್ಟನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 100 ಗ್ರಾಂ ಹೆಚ್ಚು ತೂಗಿತು. ಅಷ್ಟೇ ತಾನೇ ಎನ್ನಬಹುದು. 110 ಮಿಲಿಮೀಟರ್ ಓಟದ, ನಿಮಿಷಕ್ಕೆ 1500 ಸುತ್ತು ತಿರುಗುವ ಇಂಜಿನ್ನಿನಲ್ಲಿ ಆ 100 ಗ್ರಾಂ ಸುಮಾರು 14 ಕಿಲೊ ಭಾರದಷ್ಟು ಜಗ್ಗುತ್ತದೆ, ಸೆಕೆಂಡಿಗೆ 25 ಸಲ ಮೇಲಕ್ಕೆ, 25 ಸಲ ಕೆಳಕ್ಕೆ. ಜಗ್ಗಾಟ ವೇಗದ ವರ್ಗದಂತೆ ಏರುತ್ತದೆ. ನಿಮಿಷಕ್ಕೆ 650 ಸುತ್ತಿನ ಹಳೆಯ ದೊಡ್ಡ ಚಕ್ರದ ಇಂಜಿನ್ನುಗಳು ಒರಟು ರಿಪೇರಿಯನ್ನೂ ತಾಳಿಕೊಂಡದ್ದು ಬಹುಮಟ್ಟಿಗೆ ಇದರಿಂದಲೇ. ನಮ್ಮಲ್ಲಿ ಬುಡದ ಬೋಲ್ಟು ವಾರಕ್ಕೊಮ್ಮೆ ಸಡಿಲವಾಗುತ್ತಿತ್ತು. ನಾವು ಬಿಗಿ ಮಾಡುತ್ತ ಹೋದೆವು, ಕಾರಣ ಕೇಳಲಿಲ್ಲ. ಪದವಿ ಪಡೆದವರೂ ಹೀಗೆಯೇ.

ಬೇರಿಂಗಿನ ಹಿಂದೆ ತಗಡಿನ ಚೂರು ಇಟ್ಟು ಬಿಗಿ ಮಾಡಿದ್ದೂ ಕಂಡಿತು. ಪಿನ್ನಿಗೂ ಬೇರಿಂಗಿಗೂ ನಡುವೆ ಎಣ್ಣೆ ನಿಲ್ಲಲು ಇರಬೇಕಾದ ಸಂದು ತಲೆಗೂದಲಿನಷ್ಟು. ಅದನ್ನು ತಗಡಿನಿಂದ ಸರಿಮಾಡಲಾಗದು.

ಆದ್ದರಿಂದ ಇಂಜಿನ್ನು ಬಿಚ್ಚಿಸುವವರು ಹಳೆಯ ಪಿಸ್ಟನ್ನು, ಬೇರಿಂಗು ಕೇಳಿ ತೆಗೆದುಕೊಳ್ಳಿ. ಜೋಡಿಸುವ ಮೊದಲೇ ಹೋಗಿ ಎರಡೂ ಪಿಸ್ಟನ್ನನ್ನು ಪಿನ್ನು, ರಿಂಗು ಸಮೇತ ತೂಗಿಸಿ. ಉಜ್ಜಿದ ಪಿನ್ನನ್ನು ಮೈಕ್ರೊಮೀಟರಿನಿಂದ ನಾಲ್ಕು ಕಡೆ ಅಳೆಯಿಸಿ, ಅಂಕಿಯನ್ನು ಬಿಲ್ಲಿನಲ್ಲಿ ಬರೆಸಿ. ಎಣ್ಣೆಯ ತೂತಿನಲ್ಲಿ ಉಜ್ಜಿದ ಪುಡಿ ಉಳಿಯದಂತೆ ಎದುರಿನಲ್ಲೇ ಊದಿಸಿ. ಕನೆಕ್ಟಿಂಗ್ ರಾಡಿನ ಬೋಲ್ಟು ಹೊಸದೇ ಇರಲಿ. ಬಣ್ಣ ಕೊನೆಗೆ, ಹೊಡೆಸದಿದ್ದರೂ ನಡೆಯುತ್ತದೆ.

ಮುರಿದ ಕ್ರ್ಯಾಂಕನ್ನು ಸಂಘದ ಕಚೇರಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಅಡಿಕೆ ತೂಕಕ್ಕೆ ಬಂದವರು ಆ ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಬಹುದು.